ಆಪರೇಷನ್ ಆಯ್ತು ಅಂತ ಮನೆಯಲ್ಲೇ ಉಳಿದುಬಿಡಬೇಡಿ

ಮಕ್ಕಳ ಡಾಕ್ಟರಿಗೆ ಕಾಗದ

ಹಿಂದಿನ ಒಂದು ಸಂಚಿಕೆಯಲ್ಲಿ ಮಕ್ಕಳ ತಲೆನೋವಿನ ಬಗ್ಗೆ ಬರೆಯುವಾಗ ಮಿದುಳಿನ ಗಡ್ಡೆಯ ವಿಷಯ ಒಂದೇ ಒಂದು ಸಾಲು ಸೇರಿಸಿದ್ದೆ. ಆ ಸಾಲಿಗೇ ಕಾಗದಗಳು ಜಾಸ್ತಿ ಬಂದಿವೆ. ಹಾಗಾಗಿ ನೆಗಡಿ, ಕೆಮ್ಮು, ಊಟ ಮಾಡದ ಮಕ್ಕಳ ಪ್ರಶ್ನೆಗಳು ಈ ಸಲ ಪಕ್ಕಕ್ಕೆ. ಮೊದಲೇ ಹೇಳಿಬಿಡುತ್ತೇನೆ, ನಾನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಮಕ್ಕಳ ಡಾಕ್ಟರ್. ಮಿದುಳಿನ ಆಪರೇಷನ್ ಮಾಡುವವಳಲ್ಲ. ಆದರೆ ಗಡ್ಡೆ ಇರುವ ಮಗು ವಾಂತಿ ಅಂತ ಮೊದಲು ಬರುವುದು ನಮ್ಮಂಥವರ ಹತ್ತಿರ. ಬೆಂಗಳೂರಿನಲ್ಲಿ ಚಿಕಿತ್ಸೆ ಮಾಡಿಸಿಕೊಂಡು ಬಂದ ಮೇಲೆ ಜ್ವರ ಅಂತ ಓಡಿ ಬರುವುದೂ ನಮ್ಮ ಹತ್ತಿರವೇ. ಆ ನಡುವಿನ ವಿಷಯಗಳನ್ನು ಹೇಳುವವರು ಕಡಿಮೆ.

ಪ್ರ: ಮೇಡಂ, ನಮ್ಮ ಹುಡುಗನಿಗೆ ಏಳು ವರ್ಷ. ಹಿಂತಲೆಯಲ್ಲಿ ಗಡ್ಡೆ ಇತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಮೂರು ವಾರ ಆಯ್ತು. ಈಗ ಓಡಾಡುತ್ತಾನೆ, ಊಟ ಮಾಡುತ್ತಾನೆ. ರಿಪೋರ್ಟಿನಲ್ಲಿ ಮೆಡುಲೋಬ್ಲಾಸ್ಟೋಮಾ ಅಂತ ಇದೆ. ತಲೆಗೂ ಬೆನ್ನಿಗೂ ಆರು ವಾರ ಕರೆಂಟ್ (ರೇಡಿಯೇಶನ್) ಕೊಡಬೇಕಂತೆ, ಆಮೇಲೆ ಕೀಮೋ ಅಂತೆ. ನಮ್ಮನೆಯವರು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾರೆ, ಹೋಗದ ದಿನ ಕೂಲಿ ಇಲ್ಲ. ನಮ್ಮತ್ತೆ, ‘ಗಡ್ಡೆ ತೆಗೆಸಾಯ್ತಲ್ಲ, ಇನ್ನು ಮಗೂಗೆ ಕರೆಂಟ್ ಯಾಕೆ’ ಅಂತಾರೆ. ಯುಗಾದಿ, ಪರೀಕ್ಷೆ ಎಲ್ಲ ಮುಗಿಸಿಕೊಂಡು ಹೋದರೆ ಆಗಲ್ವಾ? ಇನ್ನೊಬ್ಬರು ಚೆನ್ನೈನಲ್ಲಿ ಪ್ರೋಟಾನ್ ಅಂತ ಇದೆ, ಜಾಗ ಮಾರಿಯಾದರೂ ಅಲ್ಲಿಗೇ ಹೋಗಿ ಅಂತಾರೆ.
— ಒಬ್ಬ ತಾಯಿ, ದಾವಣಗೆರೆ

ಉ: ಆಗಲ್ಲ ತಾಯಿ. ಕಾಗದ ಬಂದ ದಿನವೇ ಫೋನಿನಲ್ಲಿ ನಿಮಗೆ ಇದನ್ನೇ ಹೇಳಿದ್ದೆ. ಪತ್ರಿಕೆ ಅಚ್ಚಾಗಿ ಕೈಗೆ ಬರುವ ತನಕ ಕಾಯುವ ವಿಷಯ ಇದಲ್ಲ. ಇಲ್ಲಿ ಬರೆಯುತ್ತಿರುವುದು ನಿಮ್ಮ ಅತ್ತೆಯವರ ಹಾಗೆ ಯೋಚಿಸುವ ಬೇರೆ ಮನೆಗಳಿಗಾಗಿ. ಅಂಥ ಮನೆಗಳು ತುಂಬಾ ಇವೆ. ಅವರನ್ನು ಬೈಯುವ ಹಾಗೂ ಇಲ್ಲ. ವಾಂತಿ ನಿಂತಿದೆ, ಹೊಲಿಗೆ ಒಣಗಿದೆ, ಹುಡುಗ ಓಣಿಯಲ್ಲಿ ಆಡುತ್ತಿದ್ದಾನೆ. ಕಾಯಿಲೆ ಇನ್ನೂ ಇದೆ ಅಂದರೆ ಯಾರಿಗೆ ನಂಬಿಕೆ ಬರುತ್ತದೆ?

ಮೆಡುಲೋಬ್ಲಾಸ್ಟೋಮಾ ಬೆಳೆಯುವುದು ಹಿಂತಲೆಯ ಕಿರುಮೆದುಳಿನಲ್ಲಿ. ಮಿದುಳಿನ ಸುತ್ತ, ಬೆನ್ನುಹುರಿಯ ಸುತ್ತ ಒಂದು ನೀರು ಸದಾ ಓಡಾಡುತ್ತಿರುತ್ತದೆ. ಈ ಗಡ್ಡೆಯ ಜೀವಕೋಶಗಳು ಆ ನೀರಿಗೆ ಬಿದ್ದು ಬೆನ್ನಿನ ತಳದ ತನಕ ಹೋಗಿ ಕೂತುಬಿಡಬಲ್ಲವು. ಸರ್ಜನ್ ತೆಗೆಯುವುದು ಕಣ್ಣಿಗೆ ಕಂಡದ್ದನ್ನು. ಕಾಣದೇ ಉಳಿದದ್ದಕ್ಕೆ ಕರೆಂಟು ಮತ್ತು ಕೀಮೋ. ಈ ಗಡ್ಡೆಗೆ ಹೆಸರಿಟ್ಟು ವಿವರಿಸಿದವರು ಅಮೆರಿಕದ ಬೈಲಿ ಮತ್ತು ಕುಶಿಂಗ್, 1925ರಲ್ಲಿ. ಕುಶಿಂಗ್ ಕೈಚಳಕಕ್ಕೆ ಆ ಕಾಲದಲ್ಲಿ ಸಾಟಿ ಇರಲಿಲ್ಲ. ಆದರೂ ಆಪರೇಷನ್ ಆದ ಮಕ್ಕಳಿಗೆ ಗಡ್ಡೆ ಮತ್ತೆ ಬರುತ್ತಿತ್ತು. ಇಡೀ ಮಿದುಳಿಗೂ ಬೆನ್ನುಹುರಿಗೂ ಸೇರಿಸಿ ಕರೆಂಟ್ ಕೊಟ್ಟರೆ ಮಕ್ಕಳು ಉಳಿಯುತ್ತಾರೆ ಅಂತ ಇಂಗ್ಲೆಂಡಿನ ಎಡಿತ್ ಪ್ಯಾಟರ್ಸನ್ ಅನ್ನುವ ಡಾಕ್ಟರ್ 1953ರಲ್ಲಿ ಬರೆದರು. ದಾರಿ ಬದಲಾಗಿದ್ದು ಅಲ್ಲಿಂದ. ಇವತ್ತು ಗಡ್ಡೆ ಪೂರ್ತಿ ಹೊರಬಂದಿದ್ದು, ಬೇರೆಲ್ಲೂ ಹರಡದೇ ಇದ್ದರೆ, ಒಳ್ಳೆಯ ಕೇಂದ್ರಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಕ್ಕಳು ಐದು ವರ್ಷ ದಾಟುತ್ತಾರೆ. ಆ ಎಂಟು ಮಂದಿ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡವರು.

ಇನ್ನು ಸಮಯ. ಆಪರೇಷನ್ ಆದ ನಾಲ್ಕರಿಂದ ಆರು ವಾರದ ಒಳಗೆ ಕರೆಂಟ್ ಶುರುವಾಗಬೇಕು. ಏಳು ವಾರ ದಾಟಿದವರಲ್ಲಿ ಫಲ ಕಡಿಮೆ ಅಂತ ಯುರೋಪಿನ ಅಧ್ಯಯನಗಳು ತೋರಿಸಿವೆ. ನಿಮ್ಮ ಲೆಕ್ಕದಲ್ಲಿ ಮೂರು ವಾರ ಆಗಲೇ ಕಳೆದಿದೆ. ಕರೆಂಟಿಗೂ ಮೊದಲು ಬೆನ್ನಿನ ಎಂಆರ್‌ಐ ಆಗಬೇಕು, ಬೆನ್ನಿನ ನೀರು ತೆಗೆದು ನೋಡಬೇಕು. ಹರಡಿಲ್ಲ ಅಂದರೆ ತಲೆ, ಬೆನ್ನಿಗೆ 23.4 ಗ್ರೇ, ಹರಡಿದ್ದರೆ 36 ಗ್ರೇ, ಗಡ್ಡೆ ಇದ್ದ ಜಾಗಕ್ಕೆ ಒಟ್ಟು 54ರ ಹತ್ತಿರ. ಗ್ರೇ ಅನ್ನುವುದು ಕರೆಂಟಿನ ಅಳತೆ. ಈ ಅಂಕಿ ನಿಮಗೆ ಬಾಯಿಪಾಠ ಆಗಬೇಕಿಲ್ಲ. ಆದರೆ ಆ ಎರಡು ಪರೀಕ್ಷೆ ಆಗಿದೆಯಾ ಅಂತ ಕೇಳಿ. ಡೋಸ್ ನಿಂತಿರುವುದೇ ಅದರ ಮೇಲೆ. ಮೂರು ವರ್ಷದ ಒಳಗಿನ ಮಕ್ಕಳ ದಾರಿ ಬೇರೆ, ಅವರಿಗೆ ಆದಷ್ಟೂ ಕೀಮೋದಲ್ಲೇ ತಳ್ಳಿ ಕರೆಂಟನ್ನು ಮುಂದೂಡುತ್ತಾರೆ. ನಿಮ್ಮ ಹುಡುಗನಿಗೆ ಏಳು, ಆ ಮಾತು ಇಲ್ಲಿ ಬರುವುದಿಲ್ಲ.

ಅತ್ತೆಯವರಿಗೆ ಹೇಳಿ, ಇದು ತಂತಿಯಲ್ಲಿ ಬರುವ ಕರೆಂಟ್ ಅಲ್ಲ. ಎಕ್ಸ್‌ರೇ, ಬಲ ಜಾಸ್ತಿ ಅಷ್ಟೇ. ಶಾಕ್ ಹೊಡೆಯುವುದಿಲ್ಲ, ನೋವಿಲ್ಲ. ವಾರಕ್ಕೆ ಐದು ದಿನ, ಒಂದೊಂದು ಸಲ ಅರ್ಧ ಗಂಟೆಯ ಆಸುಪಾಸು. ಕಷ್ಟ ಅಂದರೆ ಅಲುಗಾಡದೆ ಮಲಗುವುದು. ಅದಕ್ಕೊಂದು ಮಾಸ್ಕ್ ಮಾಡುತ್ತಾರೆ. ಮಂಡಕ್ಕಿ ಜರಡಿಯ ಹಾಗೆ ಮೈತುಂಬಾ ತೂತಿರುವ ಪ್ಲಾಸ್ಟಿಕ್ ಹಾಳೆ. ಬಿಸಿನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಮಗುವಿನ ಮುಖದ ಮೇಲೆ ಹೊದಿಸಿ ಒತ್ತಿ ಹಿಡಿದರೆ ಕೆಲವೇ ನಿಮಿಷದಲ್ಲಿ ಮೂಗು, ಹಣೆ, ಗಲ್ಲದ ಅಚ್ಚಿಗೆ ಗಟ್ಟಿಯಾಗಿ ಕೂರುತ್ತದೆ. ದಿನಾ ಅದನ್ನು ಹಾಕಿ ಟೇಬಲ್ಲಿಗೆ ಕ್ಲಿಪ್ ಮಾಡುತ್ತಾರೆ. ತುಂಬಾ ಹೆದರುವ ಮಗುವಾದರೆ ಪ್ರತಿ ಸಲ ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ನನ್ನ ಹತ್ತಿರ ಬರುವ ನಿಟ್ಟುವಳ್ಳಿಯ ಹುಡುಗನೊಬ್ಬ ಚಿಕಿತ್ಸೆ ಮುಗಿದ ಮೇಲೆ ಮಾಸ್ಕನ್ನು ಕೇಳಿ ಮನೆಗೆ ತಂದ. ಅಪ್ಪ ಅದಕ್ಕೆ ಕೆಂಪು ಬಣ್ಣ ಬಳಿದು ಹನುಮಂತನ ಮುಖ ಮಾಡಿಕೊಟ್ಟರು. ಪಡಸಾಲೆಯಲ್ಲಿ ಕ್ಯಾಲೆಂಡರ್ ಪಕ್ಕ ನೇತುಹಾಕಿದ್ದಾರೆ. ಬಂದವರೆಲ್ಲ ಯಾವ ಜಾತ್ರೆಯಲ್ಲಿ ತಂದಿದ್ದು ಅಂತ ಕೇಳುತ್ತಾರಂತೆ.

ಪ್ರೋಟಾನ್ ವಿಷಯ. ಎಕ್ಸ್‌ರೇ ಬದಲು ಪ್ರೋಟಾನ್ ಅನ್ನುವ ಕಣಗಳಿಂದ ಕೊಡುವ ಕರೆಂಟ್ ಅದು. ಚೆನ್ನೈನ ಖಾಸಗಿ ಆಸ್ಪತ್ರೆಯೊಂದರಲ್ಲಿ 2019ರಿಂದ ಇದೆ. ಟಾಟಾ ಮೆಮೋರಿಯಲ್‌ನವರು ನವಿ ಮುಂಬೈನ ಖಾರ್ಘರ್‌ನಲ್ಲಿ 2023ರಲ್ಲಿ ಶುರು ಮಾಡಿದರು. ಒಳ್ಳೆಯ ಯಂತ್ರವೇ. ಬೆನ್ನಿಗೆ ಕೊಡುವ ಕಿರಣ ದಾಟಿಹೋಗಿ ಎದೆಗೆ, ಹೊಟ್ಟೆಗೆ ಬೀಳುವುದಿಲ್ಲ. ಕಿವಿಗೂ ಏಟು ಕಡಿಮೆ. ಆದರೆ ಗಡ್ಡೆಯನ್ನು ಕೊಲ್ಲುವ ಮಟ್ಟಿಗೆ ಮಾಮೂಲಿ ಕರೆಂಟಿಗಿಂತ ಅದು ಹೆಚ್ಚಿಗೆ ಏನೂ ಮಾಡುವುದಿಲ್ಲ. ಸಲೀಸಾಗಿ ಸಿಗುವವರು ಹೋಗಲಿ. ಜಾಗಕ್ಕೆ ಗಿರಾಕಿ ಹುಡುಕುತ್ತಾ ನೀವು ಒಂದು ತಿಂಗಳು ಕಳೆದರೆ, ಉಳಿಸಲು ಹೊರಟಿದ್ದನ್ನೇ ಕಳೆದುಕೊಳ್ಳುತ್ತೀರಿ. ನಾನಾಗಿದ್ದರೆ ಜಾಗ ಮಾರುತ್ತಿರಲಿಲ್ಲ.

ಕರೆಂಟ್ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೇ ಆಗುತ್ತದೆ, ಅದು ನಿಮ್ಹಾನ್ಸ್ ಪಕ್ಕದಲ್ಲೇ ಇದೆ. ಉಳಿದುಕೊಳ್ಳಲು ಧರ್ಮಶಾಲೆ ಇದೆ, ಮೊದಲ ದಿನವೇ ಹೆಸರು ಬರೆಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಭಾಗ, 1.5 ಲಕ್ಷದ ಮಿತಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಕಾಗದ ಕೇಳುತ್ತಾರೆ. ನಮ್ಮೂರಿನವರಿಗೆ ಅದು ಚಿಗಟೇರಿ ಆಸ್ಪತ್ರೆಯಲ್ಲಿ ಆಗುತ್ತದೆ. ಬೆಂಗಳೂರಿಗೆ ಹೋಗಿ ನೆನಪಾದರೆ ಒಬ್ಬರು ಮತ್ತೆ ವಾಪಸ್ ಬರಬೇಕು. ರೈಲಿನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೆ ರಿಯಾಯಿತಿ ಇದೆ: ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ, ಜೊತೆಯವರಿಗೆ ಶೇ. 75. ಆಸ್ಪತ್ರೆಯವರು ಸಹಿ ಮಾಡಿದ ಫಾರಂ ತೆಗೆದುಕೊಂಡು ಸ್ಟೇಷನ್ ಕೌಂಟರಿನಲ್ಲೇ ಟಿಕೆಟ್ ಮಾಡಿಸಿ. ಕೂಲಿಯ ನಷ್ಟ ತುಂಬಿಕೊಡುವ ಯೋಜನೆ ಮಾತ್ರ ನಾನು ಕಂಡಿಲ್ಲ. ಅಜ್ಜಿಯೋ ಚಿಕ್ಕಮ್ಮನೋ ಮಗುವಿನ ಜೊತೆ ನಿಮಗೆ ಆಸರೆಯಾಗಿ ನಿಂತರೆ ನಿಮ್ಮ ಯಜಮಾನರು ಭಟ್ಟಿ ಬಿಡಬೇಕಿಲ್ಲ.

ಕೀಮೋ ಶುರುವಾದ ಮೇಲೆ ನಡುನಡುವೆ ಮನೆಗೆ ಕಳಿಸುತ್ತಾರೆ. ಆಗ ನನ್ನದೊಂದು ಕಟ್ಟುನಿಟ್ಟು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ತೋರಿಸಿತೋ, ರಾತ್ರಿ ಎರಡು ಗಂಟೆಯಾಗಿದ್ದರೂ ಆಸ್ಪತ್ರೆಗೆ. ಪ್ಯಾರಸಿಟಮಾಲ್ ಹಾಕಿ ಬೆಳಿಗ್ಗೆ ನೋಡೋಣ ಅನ್ನಬೇಡಿ. ಬಿಳಿ ರಕ್ತಕಣ ಕಡಿಮೆ ಇರುವ ಮಗುವಿಗೆ ಬೆಳಗಾಗುವುದರೊಳಗೆ ಸೋಂಕು ಮೈಯೆಲ್ಲ ಏರಬಹುದು. ಸಿಸ್‌ಪ್ಲಾಟಿನ್ ಅನ್ನುವ ಔಷಧಿ ಕಿವಿ ಮಂದ ಮಾಡುತ್ತದೆ, ಹಾಗಾಗಿ ಕಿವಿ ಪರೀಕ್ಷೆ ತಪ್ಪಿಸಬೇಡಿ. ವಿನ್‌ಕ್ರಿಸ್ಟಿನ್ ಅನ್ನುವ ಇನ್ನೊಂದು ಕೀಮೋ ಔಷಧಿ ಆದ ಮೇಲೆ ಮಲ ಕಟ್ಟುತ್ತದೆ, ಕೆಲವು ಮಕ್ಕಳು ಪಾದ ಎಳೆದು ನಡೆಯುತ್ತಾರೆ. ಎರಡೂ ಹೇಳಬೇಕಾದ ವಿಷಯವೇ. ತಿನ್ನುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೆಂಚಿನಿಂದ ಆಗಷ್ಟೇ ಇಳಿದ ಬೆಣ್ಣೆ ದೋಸೆ ಕೊಡಿ, ತಿನ್ನಲಿ ಪಾಪ. ಹೋಟೆಲಿನ ಹಸಿ ಚಟ್ನಿ ಬೇಡ. ಗಾಡಿಯ ಗಿರ್ಮಿಟ್ ಬೇಡ, ಅದರಲ್ಲಿ ಹೆಚ್ಚಿಟ್ಟ ಹಸಿ ಈರುಳ್ಳಿ, ಕೊತ್ತಂಬರಿ ಇರುತ್ತದಲ್ವಾ.

ಪ್ರ: ಆರು ವರ್ಷದ ಮಗಳು. ಹಿಂತಲೆಯ ಗಡ್ಡೆ ಆಪರೇಷನ್ ಆದ ದಿನ ನಮ್ಮನ್ನು ಗುರುತಿಸಿ ಮಾತಾಡಿದಳು. ಎರಡನೇ ದಿನದಿಂದ ಒಂದು ಮಾತೂ ಇಲ್ಲ, ಸುಮ್ನೆ ಅಳುತ್ತಾಳೆ. ಡಾಕ್ಟರ್ ಏನೋ ಹೆಚ್ಚುಕಮ್ಮಿ ಮಾಡಿದರಾ?
— ಹರಿಹರದ ತಂದೆ

ಉ: ಹಾಗಂದುಕೊಳ್ಳಬೇಡಿ. ಕಿರುಮೆದುಳಿನ ಗಡ್ಡೆ ತೆಗೆದ ಮಕ್ಕಳಲ್ಲಿ, ಅದರಲ್ಲೂ ಮೆಡುಲೋಬ್ಲಾಸ್ಟೋಮಾ ಇದ್ದವರಲ್ಲಿ, ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಚೆನ್ನಾಗಿ ಮಾಡಿದ ಆಪರೇಷನ್ ಆದ ಮೇಲೂ ಆಗುತ್ತದೆ. ಶುರುವಾಗುವುದೇ ಒಂದೆರಡು ದಿನ ಬಿಟ್ಟು. ಮಾತು ವಾರಗಳಲ್ಲಿ ಬರಬಹುದು, ತಿಂಗಳುಗಳೂ ಹಿಡಿಯಬಹುದು. ಬರುವಾಗ ತೊದಲಿಕೊಂಡು, ನಿಧಾನವಾಗಿ ಬರುತ್ತದೆ. ಅವಳಿಗೆ ಕೇಳಿಸುತ್ತದೆ, ಅರ್ಥವೂ ಆಗುತ್ತದೆ, ಹಾಗಾಗಿ ಅವಳ ಮುಂದೆ ಅಳಬೇಡಿ, ಮಾಮೂಲಿನಂತೆ ಮಾತಾಡಿಸುತ್ತಿರಿ. ಮಾತಿನ ತರಬೇತಿ, ಫಿಸಿಯೋ ಈಗಲೇ ಶುರುವಾಗಲಿ. ಮಾತು ಬರಲಿ ಅಂತ ಕರೆಂಟನ್ನು ಮಾತ್ರ ತಡಮಾಡಬೇಡಿ. ಮೇಲಿನ ಉತ್ತರದ ವಾರಗಳ ಲೆಕ್ಕ ನಿಮಗೂ ಸೇರಿದ್ದೇ.

ಪ್ರ: ಒಂಬತ್ತು ವರ್ಷದ ಮಗನಿಗೆ ಒಂದು ಸಲ ಫಿಟ್ಸ್ ಬಂತು. ಸ್ಕ್ಯಾನ್ ಮಾಡಿಸಿದರೆ ಮಿದುಳಿನಲ್ಲಿ ಚಿಕ್ಕ ಗಂಟು ಇದೆ ಅಂದರು. ಸ್ಕ್ಯಾನ್ ಸೆಂಟರಿನ ಹೊರಗೆ ಕೂತಿದ್ದವರು ಬ್ರೈನ್ ಟ್ಯೂಮರ್ ಅಂದುಬಿಟ್ಟರು. ಮೂರು ದಿನದಿಂದ ಮನೆಯಲ್ಲಿ ಒಲೆ ಹಚ್ಚಿಲ್ಲ.
— ಚಳ್ಳಕೆರೆ ತಾಲ್ಲೂಕಿನ ರೈತ

ಉ: ಮೊದಲು ಒಲೆ ಹಚ್ಚಿ ಊಟ ಮಾಡಿ ಯಜಮಾನ್ರೇ. ನೀವು ಕಳಿಸಿದ ರಿಪೋರ್ಟ್ ನೋಡಿದೆ. ಒಂದೇ ಗಂಟು, ಎರಡು ಸೆಂಟಿಮೀಟರ್‌ಗಿಂತ ಚಿಕ್ಕದು, ಬಳೆಯ ಆಕಾರ, ಸುತ್ತ ಸ್ವಲ್ಪ ಊತ. ಆರೋಗ್ಯವಾಗಿದ್ದ ಮಗುವಿಗೆ ಫಿಟ್ಸ್ ಬಂದು ಸ್ಕ್ಯಾನಿನಲ್ಲಿ ಹೀಗೆ ಕಂಡರೆ, ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಲಾಡಿಹುಳುವಿನ ಮರಿಕೋಶ. ಕೆಲವು ಸಲ ಕ್ಷಯದ ಗಂಟು. ಟ್ಯೂಮರ್ ಆಗಿರುವುದು ಅಪರೂಪ.

ನೀವು ಲಿಂಗಾಯತರು, ಮಾಂಸ ಮುಟ್ಟುವವರಲ್ಲ, ಹುಳ ಹೇಗೆ ಬಂತು ಅಂತ ಕಾಗದದ ಕೊನೆಯಲ್ಲಿ ಕೇಳಿದ್ದೀರಿ. ಅದೇ ತಮಾಷೆ. ಹಂದಿಮಾಂಸ ಚೆನ್ನಾಗಿ ಬೇಯಿಸದೆ ತಿಂದವರಿಗೆ ಹುಳ ಆಗುವುದು ಹೊಟ್ಟೆಯಲ್ಲಿ. ಅವರ ಮಲದಿಂದ ಮೊಟ್ಟೆಗಳು ಮಣ್ಣಿಗೆ, ನೀರಿಗೆ, ಕೈಗೆ ಸೇರುತ್ತವೆ. ಆ ಮೊಟ್ಟೆ ತೊಳೆಯದ ಕ್ಯಾರೆಟ್ಟಿನಲ್ಲೋ ಕೊತ್ತಂಬರಿಯಲ್ಲೋ ಯಾರ ಹೊಟ್ಟೆಗಾದರೂ ಹೋಗಬಹುದು. ಮಿದುಳಿಗೆ ಏರುವುದು ಆ ಮೊಟ್ಟೆಯ ಮರಿ. ಸಸ್ಯಾಹಾರಿ, ಮಾಂಸಾಹಾರಿ ಅಂತ ಅದು ನೋಡುವುದಿಲ್ಲ. ನರರೋಗ ತಜ್ಞರನ್ನು ನೋಡಿ. ಫಿಟ್ಸ್ ಮಾತ್ರೆ, ಹುಳದ ಔಷಧಿ ಬರೆಯುತ್ತಾರೆ, ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಬಹಳಷ್ಟು ಗಂಟುಗಳು ಕರಗಿಯೋ ಸುಣ್ಣಗಟ್ಟಿಯೋ ಹೋಗುತ್ತವೆ. ಎರಡನೇ ಸ್ಕ್ಯಾನಿನಲ್ಲಿ ದೊಡ್ಡದಾಗಿದ್ದರೆ ಆಗ ಬೇರೆ ಮಾತು. ಹಾಗಾಗಿ ಹುಡುಗ ಚೆನ್ನಾಗಿದ್ದಾನೆ ಅಂತ ಆ ಎರಡನೇ ಸ್ಕ್ಯಾನ್ ಬಿಡಬೇಡಿ. ಹುಳದ ಔಷಧಿಯನ್ನು ಅಂಗಡಿಯಿಂದ ನೀವೇ ತಂದು ಕೊಡುವುದೂ ಬೇಡ.

ಪ್ರ: ಮಗಳಿಗೆ ಬೆಳಿಗ್ಗೆ ವಾಂತಿ ಅಂದರೆ ಗ್ಯಾಸ್ಟ್ರಿಕ್ ಅಂತ ಸಿರಪ್ ಕೊಡುತ್ತಾರೆ. ಗಡ್ಡೆ ಇದೆಯೋ ಇಲ್ಲವೋ ತಿಳಿಯಲು ಎಲ್ಲ ಮಕ್ಕಳಿಗೂ ಸ್ಕ್ಯಾನ್ ಮಾಡಿಸಬೇಕಾ?
— ಹೊನ್ನಾಳಿಯ ತಾಯಿ

ಉ: ಎಲ್ಲರಿಗೂ ಬೇಡ. ತಲೆನೋವು ಅಂತ ಬರುವ ಮಕ್ಕಳಲ್ಲಿ ಬಹುತೇಕರಿಗೆ ಗಡ್ಡೆ ಇರುವುದಿಲ್ಲ. ನಿದ್ದೆಗೆಟ್ಟಿರುತ್ತಾರೆ, ತಿಂಡಿ ತಿಂದಿರುವುದಿಲ್ಲ, ಇಲ್ಲವೇ ಮೈಗ್ರೇನ್. ನಾನು ಗಮನ ಕೊಡುವುದು ಬೇರೆ ಕೆಲವಕ್ಕೆ. ಎದ್ದ ಕೂಡಲೇ ತಲೆನೋವು, ವಾಂತಿ ಆದ ಮೇಲೆ ಹಗುರ, ಮಧ್ಯಾಹ್ನದ ಹೊತ್ತಿಗೆ ಆಡಿಕೊಂಡಿರುವುದು, ಮಾರನೇ ದಿನ ಮತ್ತದೇ. ವಾಂತಿ ಎರಡು ವಾರ ದಾಟಿತು, ತಲೆನೋವು ನಾಲ್ಕು ವಾರ ದಾಟಿತು ಅಂದರೆ ಸಿರಪ್ ಕೊಡುತ್ತಾ ಕೂರದೆ ಕಾರಣ ಹುಡುಕಬೇಕು. ಹೊಸದಾಗಿ ಮೆಳ್ಳೆಗಣ್ಣು ಬಂದರೆ, ಕತ್ತು ಒಂದೇ ಕಡೆ ವಾಲಿಸಿಕೊಂಡಿದ್ದರೆ, ಅಕ್ಷರ ಕೆಟ್ಟರೆ, ಹಸುಗೂಸಿನ ತಲೆ ಬೇಗ ಬೇಗ ದೊಡ್ಡದಾದರೆ ಅಷ್ಟು ದಿನವೂ ಕಾಯಬೇಡಿ.

ನನ್ನ ಕ್ಲಿನಿಕ್ಕಿನ ನೆಲ ಹಳೇ ಮೊಸಾಯಿಕ್. ಬಾಗಿಲಿನಿಂದ ನನ್ನ ಮೇಜಿನ ತನಕ ಒಂದು ಕರಿ ಪಟ್ಟಿ ಇದೆ. ಅನುಮಾನ ಬಂದ ಮಗುವಿಗೆ ಚಪ್ಪಲಿ ಬಿಡಿಸಿ, ಆ ಪಟ್ಟಿಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆದು ಬಾ ಅನ್ನುತ್ತೇನೆ. ಆರೇಳು ವರ್ಷದ ಮಗು ಆಟ ಅಂದುಕೊಂಡು ನಡೆದುಬಿಡುತ್ತದೆ. ಕಿರುಮೆದುಳಿಗೆ ಒತ್ತಡ ಇರುವ ಮಗು ಎರಡು ಹೆಜ್ಜೆಗೆ ಪಕ್ಕಕ್ಕೆ ವಾಲುತ್ತದೆ, ಕಾಲು ಅಗಲಿಸುತ್ತದೆ, ಗೋಡೆಗೆ ಕೈ ಹುಡುಕುತ್ತದೆ. ಕೆಲವು ಜಾಣ ಮಕ್ಕಳು ಬಿದ್ದುಬಿಡುತ್ತೇನೆ ಅಂತ ಗೊತ್ತಾಗಿ ನಡೆಯಲು ಒಪ್ಪುವುದೇ ಇಲ್ಲ, ಅಮ್ಮನ ಸೆರಗು ಹಿಡಿದು ನಿಲ್ಲುತ್ತವೆ. ಅದೂ ನನಗೊಂದು ಉತ್ತರ. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ ಕಣ್ಣಿನ ಹಿಂಭಾಗದ ನರ ಊದಿದೆಯಾ ನೋಡಿಸುತ್ತೇನೆ. ಎರಡರಲ್ಲಿ ಒಂದು ಕೆಟ್ಟಿದ್ದರೂ ಅವತ್ತೇ ಸ್ಕ್ಯಾನ್. ಮನೆಯಲ್ಲಿ ಟೈಲ್ಸ್ ಗೆರೆಯ ಮೇಲೆ ನೀವೂ ನಡೆಸಿ ನೋಡಬಹುದು. ಆದರೆ ಚೆನ್ನಾಗಿ ನಡೆದಳು ಅಂತ ಎರಡು ವಾರ ದಾಟಿದ ವಾಂತಿಯನ್ನು ಮರೆಯಬೇಡಿ.

ಪ್ರ: ನಮ್ಮ ಮನೆ ಎದುರು ಮೊಬೈಲ್ ಟವರ್ ಇದೆ. ಮಕ್ಕಳಿಗೆ ಗಡ್ಡೆ ಬರುತ್ತದಾ?
— ಕೆಟಿಜೆ ನಗರದ ಓದುಗರು

ಉ: ಟವರಿನಿಂದ ಮಕ್ಕಳಿಗೆ ಮಿದುಳಿನ ಗಡ್ಡೆ ಬರುತ್ತದೆ ಅನ್ನಲು ಆಧಾರ ಇಲ್ಲ. ಕಿವಿಗೆ ಹಚ್ಚಿಕೊಳ್ಳುವ ಮೊಬೈಲ್ ಬಗ್ಗೆಯೇ 14 ದೇಶಗಳು ಸೇರಿ ಮೊಬಿ-ಕಿಡ್ಸ್ ಅನ್ನುವ ಅಧ್ಯಯನ ಮಾಡಿದವು, ಭಾರತವೂ ಅದರಲ್ಲಿತ್ತು. 10ರಿಂದ 24 ವರ್ಷದವರಲ್ಲಿ ಸಂಬಂಧ ಕಾಣಲಿಲ್ಲ. ಮಕ್ಕಳ ಗಡ್ಡೆಗಳಲ್ಲಿ ಹೆಚ್ಚಿನವಕ್ಕೆ ಇಂಥದ್ದೇ ಕಾರಣ ಅಂತ ಬೆರಳು ತೋರಿಸಲು ಆಗುವುದಿಲ್ಲ, ವಂಶದಿಂದ ಬರುವುದು ಕೆಲವು ಮಾತ್ರ. ಮೊಬೈಲ್ ಕಸಿದುಕೊಳ್ಳಲು ಬೇರೆ ಕಾರಣಗಳು ಬೇಕಾದಷ್ಟಿವೆ, ಅದಕ್ಕೆ ನನ್ನ ಬೆಂಬಲ ಇದೆ.

ಪ್ರ: ಐದು ವರ್ಷದ ಮೊಮ್ಮಗಳು. ಒಂದು ತಿಂಗಳಲ್ಲಿ ಕಣ್ಣು ಒಳಕ್ಕೆ ತಿರುಗಿತು, ಮುಖ ಒಂದು ಕಡೆ ವಾಲಿತು, ನುಂಗಲು ಕಷ್ಟ. ಮಿದುಳಿನ ಕಾಂಡದಲ್ಲಿ ಡಿಐಪಿಜಿ ಅಂತ ಗಡ್ಡೆ, ಆಪರೇಷನ್ ಆಗುವುದಿಲ್ಲ ಅಂದರು. ಮಗ ಅಮೆರಿಕಕ್ಕೆ ಕರೆದುಕೊಂಡು ಹೋಗೋಣ ಅಂತಾನೆ. ಒಬ್ಬರು ಗಡ್ಡೆ ಕರಗಿಸುವ ಔಷಧಿಗೆ ಎರಡು ಲಕ್ಷ ಕೇಳಿದ್ದಾರೆ. ದುಡ್ಡಿಗೆ ಯೋಚನೆ ಇಲ್ಲ. ನಿಜ ಹೇಳಿ.
— ಚಿತ್ರದುರ್ಗದ ಅಜ್ಜ

ಉ: ನಿಜ ಕೇಳಿದ್ದೀರಿ, ಹೇಳುತ್ತೇನೆ. ಈ ಗಡ್ಡೆಯನ್ನು ಗುಣ ಮಾಡುವ ಚಿಕಿತ್ಸೆ ಇವತ್ತಿಗೆ ಯಾವ ದೇಶದಲ್ಲೂ ಇಲ್ಲ. ಉಸಿರಾಟ, ನುಂಗುವುದು, ಕಣ್ಣು ಹೊರಳಿಸುವುದು ಎಲ್ಲದರ ನರಗಳು ಆ ಕಾಂಡದಲ್ಲೇ ಇವೆ. ಗಡ್ಡೆ ಒಂದು ಉಂಡೆಯಾಗಿ ಇರುವುದಿಲ್ಲ, ಆ ನರಗಳ ಎಳೆ ಎಳೆಯ ನಡುವೆ ಸೇರಿಕೊಂಡಿರುತ್ತದೆ. ಅದಕ್ಕೇ ಸರ್ಜನ್ ಕೈ ಹಾಕುವುದಿಲ್ಲ. ಬಹಳಷ್ಟು ಮಕ್ಕಳು ಬದುಕುವುದು ಒಂದು ವರ್ಷದ ಆಸುಪಾಸು, ಎರಡು ವರ್ಷ ದಾಟುವವರು ಹತ್ತರಲ್ಲಿ ಒಬ್ಬರೂ ಇಲ್ಲ.

ಹಳ್ಳಿಯಲ್ಲಿದ್ದು ತಡವಾಯ್ತು, ಮೊದಲೇ ತೋರಿಸಿದ್ದರೆ ಉಳಿಯುತ್ತಿತ್ತು ಅಂತ ನಿಮ್ಮ ಸೊಸೆ ಅಳುತ್ತಾರೆ ಅಂತ ಬರೆದಿದ್ದೀರಿ. ಅವರಿಗೆ ಇದನ್ನು ಓದಿ ಹೇಳಿ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಮಗಳು ಕರೆನ್‌ಗೂ ಇದೇ ಜಾಗದಲ್ಲಿ ಇದೇ ಗಡ್ಡೆ. ಎರಡು ವರ್ಷದ ಕೂಸು, 1962ರ ಜನವರಿಯಲ್ಲಿ ಹೋಯಿತು. ಅವರಿಗೆ ಯಾವ ಡಾಕ್ಟರ್ ಸಿಗದೇ ಇದ್ದರು ಹೇಳಿ? ಒಂದು ತಿಂಗಳು ಮೊದಲು ತೋರಿಸಿದ್ದರೂ ಈ ಕಾಯಿಲೆಯ ಹಾದಿ ಬದಲಾಗುತ್ತಿರಲಿಲ್ಲ. ನಿಮ್ಮ ಸೊಸೆಯದು ಏನೂ ತಪ್ಪಿಲ್ಲ.

ಹಾಗಂತ ಮಾಡುವಂಥದ್ದು ಏನೂ ಇಲ್ಲ ಅಂತಲ್ಲ. ಕರೆಂಟ್ ಕೊಡಿಸಿ. ಆರು ವಾರ, ಬೆಂಗಳೂರಿನಲ್ಲೇ ಆಗುತ್ತದೆ. ಹೆಚ್ಚಿನ ಮಕ್ಕಳು ಅದಾದ ಮೇಲೆ ಕೆಲವು ತಿಂಗಳು ಚೆನ್ನಾಗಿರುತ್ತಾರೆ. ಕಣ್ಣು ನೇರವಾಗುತ್ತದೆ, ನಡೆಯುತ್ತಾರೆ, ಊಟ ಸೇರುತ್ತದೆ. ಆ ತಿಂಗಳುಗಳು ನಿಮ್ಮವು. ಆ ದಿನಗಳನ್ನು ವೀಸಾ ಆಫೀಸಿನ ಮುಂದೆ ಕಳೆಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಮಗ ಕೇಳಿದ ಹೊಸ ಮಾತ್ರೆ ಡೋರ್ಡಾವಿಪ್ರೋನ್. ಈ ಜಾತಿಯ ಗಡ್ಡೆಗೆ, ಅದರ ಜೀನ್‌ನಲ್ಲಿ ಎಚ್3 ಕೆ27ಎಂ ಅನ್ನುವ ಬದಲಾವಣೆ ಇದ್ದು, ಮೊದಲ ಚಿಕಿತ್ಸೆ ಆದ ಮೇಲೂ ಬೆಳೆದರೆ ಕೊಡಲು ಅಮೆರಿಕದಲ್ಲಿ 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆ ಒಪ್ಪಿಗೆಗೆ ಆಧಾರವಾದ 50 ರೋಗಿಗಳಲ್ಲಿ ಗಡ್ಡೆ ಕುಗ್ಗಿದ್ದು ಐದರಲ್ಲಿ ಒಬ್ಬರಿಗೆ, ಅವರಲ್ಲೂ ಹೆಚ್ಚಿನವರು ದೊಡ್ಡವರು. ಗುಣ ಮಾಡುವ ಮಾತ್ರೆ ಅಲ್ಲ. ನಿಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ, ಆಸ್ತಿ ಕರಗಿಸಿ ಓಡುವುದು ಬೇಡ. ಎರಡು ಲಕ್ಷ ಕೇಳಿದವರ ಮನೆ ಬಾಗಿಲಿಗಂತೂ ಹೋಗಲೇಬೇಡಿ.

ಕಾಯಿಲೆ ಮತ್ತೆ ಏರಿದಾಗ ಏನು ಮಾಡಬೇಕು ಅಂತ ಈಗಲೇ ಮಾತಾಡಿಕೊಳ್ಳಿ. ಕಿದ್ವಾಯಿಯಲ್ಲಿ ನೋವು ಶಮನ ವಿಭಾಗ ಇದೆ. ಮಾರ್ಫಿನ್ ಅಂದರೆ ಹೆದರಬೇಡಿ, ಸರಿಯಾದ ಅಳತೆಯಲ್ಲಿ ಮಕ್ಕಳಿಗೂ ಕೊಡುತ್ತೇವೆ. ಊತ ಇಳಿಸುವ ಸ್ಟೀರಾಯ್ಡ್ ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ಇರಲಿ, ಜಾಸ್ತಿ ದಿನ ಕೊಟ್ಟರೆ ಮುಖ ಊದಿ, ಹಸಿವು ಕೆರಳಿ ಮಗು ಸಿಡುಕುತ್ತದೆ. ನಿಮ್ಮೂರಿನ ಮಕ್ಕಳ ಡಾಕ್ಟರ್ ಒಬ್ಬರಿಗೆ ಎಲ್ಲ ಕಾಗದ ತೋರಿಸಿ, ರಾತ್ರಿ ಕರೆದರೆ ಫೋನ್ ಎತ್ತುತ್ತೀರಾ ಅಂತ ನೇರವಾಗಿ ಕೇಳಿಬಿಡಿ. ಯಾರೂ ಒಪ್ಪದಿದ್ದರೆ ನನಗೆ ಬರೆಯಿರಿ.

ಪ್ರ: ನಾನು ಹೈಸ್ಕೂಲ್ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕ್ರೇನಿಯೋಫ್ಯಾರಿಂಜಿಯೋಮಾ ಆಪರೇಷನ್ ಆಗಿ ವಾಪಸ್ ಬಂದಿದ್ದಾಳೆ. ಪದೇ ಪದೇ ನೀರು ಕುಡಿಯುತ್ತಾಳೆ, ಹೊರಗೆ ಹೋಗಬೇಕು ಅಂತಾಳೆ. ತುಂಬಾ ದಪ್ಪ ಆಗಿದ್ದಾಳೆ. ಪಕ್ಕದಲ್ಲಿ ಬಂದವರಿಗೆ ಡಿಕ್ಕಿ ಹೊಡೆಯುತ್ತಾಳೆ. ಬೇರೆ ಮಕ್ಕಳು ಆಡಿಕೊಳ್ಳುತ್ತಾರೆ. ನಾವೇನು ಮಾಡಬೇಕು?
— ಹೊಸದುರ್ಗ

ಉ: ಮೇಷ್ಟ್ರೇ, ಇಂಥ ಕಾಗದ ಶಾಲೆಯಿಂದ ಬರುವುದು ಅಪರೂಪ. ಈ ಗಡ್ಡೆಯೂ ಅಪರೂಪದ್ದೇ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ. ಇದು ಕ್ಯಾನ್ಸರ್ ಅಲ್ಲ. ಆದರೆ ಕೂರುವ ಜಾಗ ಕೆಟ್ಟದು. ಮೇಲೆ ಕಣ್ಣಿನ ನರಗಳು ಅಡ್ಡ ಹಾಯುವ ಜಾಗ, ಕೆಳಗೆ ಹಾರ್ಮೋನುಗಳನ್ನು ಆಳುವ ಪಿಟ್ಯುಟರಿ, ಹಿಂದೆ ಹಸಿವು ಬಾಯಾರಿಕೆಯ ಕೇಂದ್ರ. ಗಡ್ಡೆ ಹೋದ ಮೇಲೂ ಇವುಗಳ ತೊಂದರೆ ಉಳಿಯುತ್ತದೆ.

ನೀವು ನೋಡಿದ ಮೂರಕ್ಕೂ ಅದೇ ಕಾರಣ. ಮೂತ್ರ ಹಿಡಿದಿಡುವ ಹಾರ್ಮೋನು ಅವಳಲ್ಲಿ ಇಲ್ಲ. ಡೆಸ್ಮೋಪ್ರೆಸಿನ್ ಅನ್ನುವ ಮಾತ್ರೆಯನ್ನೋ ಮೂಗಿನ ಸ್ಪ್ರೇಯನ್ನೋ ಕೊಟ್ಟಿರುತ್ತಾರೆ. ಅದರ ಪ್ರಭಾವ ಇಳಿದಾಗ ಬಾಯಾರಿಕೆ, ಮೂತ್ರ ಎರಡೂ ತಡೆಯಲು ಆಗುವುದಿಲ್ಲ. ನೀರಿನ ಬಾಟಲಿ ಬೆಂಚಿನ ಮೇಲೇ ಇರಲಿ, ಎದ್ದು ಹೋಗಲು ಕೇಳುವ ಅಗತ್ಯವೂ ಬೇಡ. ಬಾಯಾರಿಕೆ ಇಲ್ಲದಾಗ ಕುಡಿ ಕುಡಿ ಅಂತ ಬಲವಂತ ಮಾಡುವುದೂ ಬೇಡ, ಅದರಿಂದ ರಕ್ತದ ಸೋಡಿಯಂ ಕುಸಿಯುತ್ತದೆ. ಕಣ್ಣಿನಲ್ಲಿ ಎರಡೂ ಪಕ್ಕದ ಅಂಚು ಕಾಣುತ್ತಿಲ್ಲ. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಇಲ್ಲ. ಮುಂದಿನ ಸಾಲಿನ ನಡುವೆ, ಬೋರ್ಡಿಗೆ ನೇರವಾಗಿ ಕೂರಿಸಿ. ಮೈದಾನದಲ್ಲಿ ಪಕ್ಕದಿಂದ ಬರುವ ಚೆಂಡು ಅವಳಿಗೆ ಕಾಣುವುದೇ ಇಲ್ಲ, ರಸ್ತೆಯಲ್ಲಿ ಬೈಕೂ ಅಷ್ಟೇ. ದಪ್ಪ ಆಗಿರುವುದಕ್ಕೆ ಅವಳ ಬಾಯಿಚಪಲ ಕಾರಣ ಅಲ್ಲ. ಹೊಟ್ಟೆ ತುಂಬಿತು ಅಂತ ಹೇಳುವ ಜಾಗಕ್ಕೇ ಏಟು ಬಿದ್ದಿದೆ. ಬಿಸಿಯೂಟದ ಸಾಲಿನಲ್ಲಿ ಯಾರೂ ಆ ಮಾತು ಎತ್ತದ ಹಾಗೆ ನೋಡಿಕೊಳ್ಳಿ, ಅಡುಗೆಯವರಿಗೂ ಪಿ.ಟಿ. ಮೇಷ್ಟ್ರಿಗೂ ಸೇರಿಸಿ ಹೇಳಿ. ಬರೆಯುವುದು ನಿಧಾನವಾಗಿದ್ದರೆ ಮುಂದಿನ ವರ್ಷದ ಎಸ್ಸೆಸ್ಸೆಲ್ಸಿಗೆ ಹೆಚ್ಚುವರಿ ಸಮಯ ಕೇಳಬಹುದು, ಕಣ್ಣಿನ ಸರ್ಟಿಫಿಕೇಟ್ ಈ ವರ್ಷವೇ ಮಾಡಿಸಲು ಮನೆಯವರಿಗೆ ಹೇಳಿ.

ಇವೆಲ್ಲಕ್ಕಿಂತ ಮುಖ್ಯ ಇನ್ನೊಂದು ಇದೆ, ನೀವು ಕೇಳಿಲ್ಲ. ಅವಳ ದೇಹ ಸ್ಟೀರಾಯ್ಡನ್ನು ತಾನೇ ತಯಾರಿಸುತ್ತಿಲ್ಲದಿರಬಹುದು. ಹೈಡ್ರೋಕಾರ್ಟಿಸೋನ್ ಮಾತ್ರೆ ದಿನಾ ತೆಗೆದುಕೊಳ್ಳುತ್ತಾಳಾ ಅಂತ ತಾಯಿಯನ್ನು ಕೇಳಿ. ಹೌದು ಅಂದರೆ, ಜ್ವರ ಬಂದ ದಿನ, ಬಿದ್ದು ಪೆಟ್ಟಾದ ದಿನ ಮಾತ್ರೆ ಜಾಸ್ತಿ ಬೇಕು. ಎಷ್ಟು ಅಂತ ಅವಳ ಹಾರ್ಮೋನ್ ಡಾಕ್ಟರ್ ಚೀಟಿಯಲ್ಲಿ ಬರೆದುಕೊಟ್ಟಿರುತ್ತಾರೆ. ಶಾಲೆಯಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿ ತೂಕಡಿಸಿದರೆ ಮನೆಯವರು ಬರಲಿ ಅಂತ ಬೆಂಚಿನ ಮೇಲೆ ಮಲಗಿಸಬೇಡಿ. ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ನೇ ಬೇಕು, ಅದೂ ಬೇಗ. ಸೀದಾ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸ್ಟೀರಾಯ್ಡ್ ಮೇಲಿರುವ ಮಗು ಅಂತ ಬಾಗಿಲಲ್ಲೇ ಹೇಳಿ. ಆ ಚೀಟಿಯ ಒಂದು ಜೆರಾಕ್ಸ್ ಅವಳ ಬ್ಯಾಗಿನಲ್ಲಿರಲಿ, ಇನ್ನೊಂದನ್ನು ಆಫೀಸ್ ರೂಮಿನಲ್ಲಿ ಹಾಜರಿ ಪುಸ್ತಕದ ರಟ್ಟಿಗೆ ಅಂಟಿಸಿ. ನೀವು ರಜೆ ಇದ್ದ ದಿನ ಬೇರೆ ಮೇಷ್ಟ್ರ ಕೈಗೂ ಸಿಗಬೇಕು.